ಬಿಟ್ಟಿ ಸಿಕ್ಕ ಸ್ಟುಡಿಯೊ: ಹವ್ಯಾಸಿ ಚಿತ್ರ ತಯಾರಕರಿಗೆ ಉಚಿತವಾದದ್ದೆಷ್ಟು, ಕನ್ನಡಕ್ಕೆ ದಕ್ಕಿದ್ದೆಷ್ಟು?

2025ರ ಮಾರ್ಚ್‌ನಲ್ಲಿ ಲಾಟ್ವಿಯಾದ ‘ಫ್ಲೋ’ ಚಿತ್ರಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂದಾಗ, ಒಂದು ಮಾತೂ ಇಲ್ಲದ ಆ ಬೆಕ್ಕಿನ ಕಥೆಗಿಂತ ಅದನ್ನು ಯಾವುದರಲ್ಲಿ ಮಾಡಿದರು ಎಂಬುದೇ ಹವ್ಯಾಸಿಗಳ ನಡುವೆ ಹೆಚ್ಚು ಚರ್ಚೆಯಾಯಿತು. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಮತ್ತು ಅವರ ತಂಡ ಚಿತ್ರವನ್ನು ಕಟ್ಟಿದ್ದು ಬ್ಲೆಂಡರ್ ಎಂಬ ಮೂರು ಆಯಾಮದ ಅನಿಮೇಷನ್ ತಂತ್ರಾಂಶದಲ್ಲಿ. ಅದನ್ನು ಯಾರು ಬೇಕಾದರೂ ಒಂದು ಪೈಸೆ ಕೊಡದೆ, ಹೆಸರು ನೋಂದಾಯಿಸುವ ಗೋಜೂ ಇಲ್ಲದೆ ಇಳಿಸಿಕೊಳ್ಳಬಹುದು. ಇನ್ನು ಯಾರೂ ನೆಪ ಹೇಳುವ ಹಾಗಿಲ್ಲ ಎಂಬ ಉತ್ಸಾಹದ ಮಾತುಗಳು ಆಗ ಧಾರಾಳವಾಗಿ ಕೇಳಿಬಂದವು. ಆದರೆ ಅದೇ ಚಿತ್ರಕ್ಕೆ ಸುಮಾರು 35 ಲಕ್ಷ ಯೂರೊ ವೆಚ್ಚವಾಗಿತ್ತು, ಲಾಟ್ವಿಯಾ, ಫ್ರಾನ್ಸ್ ಮತ್ತು ಬೆಲ್ಜಿಯಂನ ಕಲಾವಿದರು ವರ್ಷಗಟ್ಟಲೆ ಅದರಲ್ಲಿ ದುಡಿದಿದ್ದರು ಎಂಬುದನ್ನು ಜೊತೆಗೆ ಹೇಳಿದವರು ಕಡಿಮೆ. ತಂತ್ರಾಂಶ ಉಚಿತವಾಗಿದ್ದರಿಂದ ಬಜೆಟ್ಟಿನ ಒಂದು ಬಾಬತ್ತು ಅಳಿಸಿಹೋಗಿತ್ತು, ಅಷ್ಟೆ.

ಕನ್ನಡದಲ್ಲಿ ಕಿರುಚಿತ್ರ, ಸಾಕ್ಷ್ಯಚಿತ್ರ, ಮಕ್ಕಳ ಅನಿಮೇಷನ್ ಮಾಡಲು ಹೊರಡುವ ಹುಡುಗ ಹುಡುಗಿಯರ ಮಟ್ಟಿಗೂ ಲೆಕ್ಕ ಇದೇ. ಸಂಕಲನಕ್ಕೆ, ಬಣ್ಣ ತಿದ್ದುವುದಕ್ಕೆ, ಚಿತ್ರ ಬರೆದು ಕುಣಿಸುವುದಕ್ಕೆ, ಸದ್ದು ಶುದ್ಧಗೊಳಿಸುವುದಕ್ಕೆ ಬೇಕಾದ ಸಲಕರಣೆಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಬಿದ್ದಿವೆ. ಅವುಗಳ ಪಟ್ಟಿ ಕೊಡುವ ವಿಡಿಯೊಗಳಿಗೂ ಬರವಿಲ್ಲ. ಆ ಪಟ್ಟಿಗಳು ಹೇಳದೆ ಬಿಡುವ ಸಂಗತಿಗಳು ಎರಡು. ಉಚಿತ ಎಂದು ಸಿಗುವ ವಸ್ತುಗಳಲ್ಲಿ ಕೆಲವನ್ನು ಯಾರೂ ವಾಪಸು ಪಡೆಯಲಾರರು, ಕೆಲವನ್ನು ನಾಳೆಯೇ ಪಡೆಯಬಹುದು. ಎರಡನೆಯದಾಗಿ, ಸಲಕರಣೆಯ ಕೊರತೆ ನೀಗಿದ ಮೇಲೂ ಕನ್ನಡದವರಿಗೆ ಅದರೊಳಗೆ ಹಾಕಬೇಕಾದ ಸಾಮಗ್ರಿಯ ಕೊರತೆ ಉಳಿದಿದೆ. ಅಕ್ಷರ, ಸದ್ದು, ಸಂಗೀತ, ಪಾಠ ಈ ನಾಲ್ಕರಲ್ಲೂ ಆ ಕೊರತೆ ಎದ್ದು ಕಾಣುತ್ತದೆ.

ವಾಪಸು ಕೇಳಬಲ್ಲವರು ಯಾರು?

ಬ್ಲೆಂಡರ್‌ನ ಹುಟ್ಟಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ನೆದರ್ಲೆಂಡ್ಸ್‌ನ ಒಂದು ಅನಿಮೇಷನ್ ಸ್ಟುಡಿಯೊದ ಒಳಬಳಕೆಗೆಂದು ಟಾನ್ ರೋಸೆಂಡಾಲ್ ಅದನ್ನು 1990ರ ದಶಕದಲ್ಲಿ ಬರೆದರು. 1998ರಲ್ಲಿ ಅದನ್ನು ಮಾರುಕಟ್ಟೆಗೆ ತರಲು ಒಂದು ಕಂಪನಿ ಹುಟ್ಟಿಕೊಂಡಿತು. 2002ರ ಹೊತ್ತಿಗೆ ಹೂಡಿಕೆದಾರರು ಕೈಚೆಲ್ಲಿ ಕಂಪನಿ ಬಾಗಿಲು ಹಾಕಿತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ತಂತ್ರಾಂಶವೂ ಅದರ ಜೊತೆಗೇ ಸಾಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಒಂದು ಲಕ್ಷ ಯೂರೊ ಕೊಟ್ಟರೆ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಡುವುದಾಗಿ ಹೂಡಿಕೆದಾರರು ಒಪ್ಪಿದರು. ಬಳಕೆದಾರರು ಚಂದಾ ಎತ್ತಿ ಏಳು ವಾರಗಳಲ್ಲಿ ಆ ಮೊತ್ತವನ್ನು ಹೊಂದಿಸಿದರು. 2002ರ ಅಕ್ಟೋಬರ್ 13ರಂದು ಬ್ಲೆಂಡರ್, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು ಎನ್ನುವ ಜಿಪಿಎಲ್ ಪರವಾನಗಿಯಡಿ ಬಿಡುಗಡೆಯಾಯಿತು. ಹಾಗೆ ಬಿಡುಗಡೆಯಾದದ್ದನ್ನು ಇನ್ನು ಯಾವ ಕಂಪನಿಯೂ ಕೊಂಡು ಮುಚ್ಚಲಾರದು. ಈಗ ಅದನ್ನು ನೋಡಿಕೊಳ್ಳುವ ಬ್ಲೆಂಡರ್ ಪ್ರತಿಷ್ಠಾನ ನಾಳೆ ದಿಕ್ಕು ತಪ್ಪಿದರೂ ಇಂದಿನ ಆವೃತ್ತಿ ಇಂದಿನ ಷರತ್ತಿನಲ್ಲೇ ಉಳಿಯುತ್ತದೆ, ಬೇಕಾದವರು ಅಲ್ಲಿಂದ ಮುಂದುವರಿಸಬಹುದು. ಸಂಕಲನಕ್ಕೆ ಬಳಸುವ ಕೆಡೆನ್‌ಲೈವ್ ಮತ್ತು ಶಾಟ್‌ಕಟ್, ಚಿತ್ರ ಬರೆಯುವ ಕ್ರಿಟಾ, ರೇಖಾಚಿತ್ರದ ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ ಎಲ್ಲವೂ ಇದೇ ಸಾಲಿಗೆ ಸೇರಿದವು. ಕೈಯಲ್ಲಿ ಬರೆದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬುವ ಓಪನ್‌ಟೂನ್ಜ್ ಕೂಡ ಹಾಗೆಯೇ. ಜಪಾನಿನ ಸ್ಟುಡಿಯೊ ಘಿಬ್ಲಿ ತನ್ನ ಕೆಲಸಕ್ಕೆ ಹೊಂದಿಸಿಕೊಂಡಿದ್ದ ಟೂನ್ಜ್ ತಂತ್ರಾಂಶವೇ 2016ರ ಮಾರ್ಚ್‌ನಲ್ಲಿ ಆ ಹೆಸರಿನಲ್ಲಿ ಎಲ್ಲರಿಗೂ ತೆರೆದುಕೊಂಡಿತು.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬೇರೆ ಜಾತಿಯದು. ದೊಡ್ಡ ಸ್ಟುಡಿಯೊಗಳು ಲಕ್ಷಾಂತರ ಡಾಲರ್ ತೆತ್ತು ಬಳಸುತ್ತಿದ್ದ ಬಣ್ಣ ತಿದ್ದುವ ವ್ಯವಸ್ಥೆಯನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಕೊಂಡುಕೊಂಡು, ಕೆಲ ಕಾಲದಲ್ಲೇ ಅದರ ಬಹುಪಾಲನ್ನು ಪುಕ್ಕಟೆಯಾಗಿ ಹಂಚತೊಡಗಿತು. ಇದರಲ್ಲಿ ವಾಟರ್‌ಮಾರ್ಕ್ ಇಲ್ಲ, ದಿನಗಳ ಗಡುವಿಲ್ಲ, 3840 ಅಡ್ಡ 2160 ಅಳತೆಯವರೆಗೆ ಚಿತ್ರವನ್ನು ಹೊರತೆಗೆಯಬಹುದು. ಹವ್ಯಾಸಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಕಂಪನಿಗೆ ಇದರಲ್ಲಿ ಲಾಭವಿದೆ: ಅದು ಕ್ಯಾಮೆರಾ ಮಾರುತ್ತದೆ, ನಿಯಂತ್ರಣ ಫಲಕಗಳನ್ನು ಮಾರುತ್ತದೆ, ಕಲಿತವರು ಮುಂದೆ ಕೊಳ್ಳುತ್ತಾರೆ. ಈ ವ್ಯವಹಾರದಲ್ಲಿ ಮೋಸವೇನೂ ಇಲ್ಲ, ನನ್ನ ಮಟ್ಟಿಗೆ ಬಣ್ಣದ ಕೆಲಸಕ್ಕೆ ಇದರಷ್ಟು ಒಳ್ಳೆಯದು ಉಚಿತವಾಗಿ ಇನ್ನೊಂದಿಲ್ಲ. ಆದರೂ ಇದು ಕಂಪನಿಯ ನಿರ್ಧಾರದ ಮೇಲೆ ನಿಂತಿರುವ ಉಚಿತ. ಅದರ ಪ್ರಾಜೆಕ್ಟ್ ಬೇರೆ ಸಂಕಲನ ತಂತ್ರಾಂಶದಲ್ಲಿ ನೇರವಾಗಿ ತೆರೆಯುವುದಿಲ್ಲ. ಮುಗಿದ ಚಿತ್ರದ ಜೊತೆಗೆ ಮೂಲ ತುಣುಕುಗಳನ್ನೂ ಬೇರೆ ತಂತ್ರಾಂಶಗಳೂ ಓದಬಲ್ಲ, ಸಂಕಲನದ ಎಕ್ಸ್ಎಂಎಲ್ ಕಡತವನ್ನೂ ಬೇರೆಯಾಗಿ ಇಟ್ಟುಕೊಳ್ಳುವುದು ಇಂಥ ಕಡೆ ಕೆಲಸ ಮಾಡುವವರು ರೂಢಿಸಿಕೊಳ್ಳಬೇಕಾದ ಅಭ್ಯಾಸ.

ಮೂರನೆಯ ಬಗೆಯವು ಕಲಿಯುವವರಿಗೆಂದೇ ಕೊಡುವ ಮೊಟಕು ಆವೃತ್ತಿಗಳು. ಬೆಂಕಿ, ಹೊಗೆಯಂಥ ದೃಶ್ಯ ಪರಿಣಾಮ ಕಟ್ಟುವ ಹೂಡಿನಿ ತಂತ್ರಾಂಶದ ಅಪ್ರೆಂಟಿಸ್ ಆವೃತ್ತಿ ಚಿತ್ರದ ಮೇಲೆ ಮುದ್ರೆ ಒತ್ತುತ್ತದೆ, ಗಾತ್ರಕ್ಕೂ ಮಿತಿ ಹಾಕುತ್ತದೆ. ಮೂರು ಆಯಾಮದ ದೃಶ್ಯವನ್ನು ಚಿತ್ರವಾಗಿ ಹೊರತೆಗೆಯುವ, ಪಿಕ್ಸಾರ್ ಸ್ಟುಡಿಯೊದ ರೆಂಡರ್‌ಮ್ಯಾನ್ ಮುದ್ರೆ ಒತ್ತದಿದ್ದರೂ ಅದರಲ್ಲಿ ಮಾಡಿದ್ದನ್ನು ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ. ಫೋನಿನ ಎಡಿಟಿಂಗ್ ಆ್ಯಪ್‌ಗಳದು ಇನ್ನೂ ತೆಳುವಾದ ಉಚಿತ. ಕೈನ್‌ಮಾಸ್ಟರ್‌ನ ವಾಟರ್‌ಮಾರ್ಕ್ ಹೊತ್ತ ಕನ್ನಡ ಕಿರುಚಿತ್ರಗಳನ್ನು ನೋಡದವರಿಲ್ಲ. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಜೊತೆಗೆ ವಿವಾವಿಡಿಯೊ ಎಂಬ ಎಡಿಟಿಂಗ್ ಆ್ಯಪ್ ಕೂಡ ಪಟ್ಟಿಯಲ್ಲಿತ್ತು. ನಿಷೇಧ ಸರಿಯೋ ತಪ್ಪೋ, ಅರ್ಧಕ್ಕೆ ನಿಂತ ಕೆಲಸವನ್ನು ಇನ್ನೊಂದು ಆ್ಯಪ್‌ಗೆ ಎತ್ತಿಕೊಂಡು ಹೋಗುವ ದಾರಿ ಇಂಥವುಗಳಲ್ಲಿ ಇರುವುದಿಲ್ಲ. ಈಚೆಗೆ ಬಂದಿರುವ, ದಿನಕ್ಕಿಷ್ಟು ಎಂದು ಪಡಿ ಅಳೆದು ಕೊಡುವ ಕೃತಕ ಬುದ್ಧಿಮತ್ತೆಯ ಚಿತ್ರ ತಯಾರಿ ತಾಣಗಳನ್ನು ಈ ಬಗೆಯ ಕಟ್ಟಕಡೆಯ ರೂಪವೆಂದು ಎಣಿಸಬಹುದು. ಪಡಿ ಎಷ್ಟು ಎಂಬುದನ್ನು ಪ್ರತಿ ತಿಂಗಳೂ ಅವರೇ ತೀರ್ಮಾನಿಸುತ್ತಾರೆ.

ಪಾಠ ಸಿಗುತ್ತದೆ, ಆದರೆ ಯಾರ ಊರಿನದು?

ಕಲಿಯುವ ಸಾಮಗ್ರಿಯ ವಿಷಯದಲ್ಲಿ ಇಂಗ್ಲಿಷ್ ಬಲ್ಲವರ ಪಾಲಿಗೆ ಇದು ಸುಗ್ಗಿ ಕಾಲ. ಖಾನ್ ಅಕಾಡೆಮಿ ಮತ್ತು ಪಿಕ್ಸಾರ್ ಸೇರಿ 2015ರಲ್ಲಿ ಶುರುಮಾಡಿದ ‘ಪಿಕ್ಸಾರ್ ಇನ್ ಎ ಬಾಕ್ಸ್’ ಪಾಠಮಾಲೆ ಹುಲ್ಲಿನ ಎಸಳು ಬಾಗುವುದರ ಹಿಂದಿನ ಗಣಿತದಿಂದ ಹಿಡಿದು ಕಥೆ ಕಟ್ಟುವ ಕ್ರಮದವರೆಗೆ ಎಲ್ಲವನ್ನೂ ಉಚಿತವಾಗಿ ಹೇಳಿಕೊಡುತ್ತದೆ. ಇದಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬ್ಲೆಂಡರ್ ಪ್ರತಿಷ್ಠಾನ 2006ರಿಂದ ಮಾಡುತ್ತ ಬಂದಿರುವ ‘ಮುಕ್ತ ಚಿತ್ರ’ಗಳು. ‘ಬಿಗ್ ಬಕ್ ಬನ್ನಿ’ (2008), ‘ಸಿಂಟೆಲ್’ (2010) ಮುಂತಾದವನ್ನು ನೋಡಬಹುದು ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಅವುಗಳ ಪಾತ್ರಗಳು, ದೃಶ್ಯದ ಕಡತಗಳು, ಬಟ್ಟೆಯ ಬಣ್ಣದ ಚಿತ್ರಗಳು ಎಲ್ಲವನ್ನೂ ಪ್ರತಿಷ್ಠಾನ ಹಂಚಿದೆ. ದೃಶ್ಯದ ಕಡತವನ್ನು ತೆರೆದು, ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋದರೆ ‘ಬಿಗ್ ಬಕ್ ಬನ್ನಿ’ಯ ಮೊಲದ ಕಿವಿಯಂಚಿಗೆ ಬಿದ್ದ ಬೆಳಕು ಯಾವ ದೀಪದ್ದೆಂದು ತಿಳಿಯುತ್ತದೆ. ಯಾವ ಉಪನ್ಯಾಸವೂ ಇದಕ್ಕೆ ಸಾಟಿಯಾಗದು.

ತೊಡಕು ಬರುವುದು ಬೇರೆ ಕಡೆಯಿಂದ. ಇಂಗ್ಲಿಷಿನ ಜನಪ್ರಿಯ ಪಾಠಗಳಲ್ಲಿ ಬಹಳಷ್ಟು ಅಮೆರಿಕದಲ್ಲಿ ತಯಾರಾದವು. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ‘ಸೆಕೆಂಡಿಗೆ 30 ಫ್ರೇಮು, ಶಟರ್ ಅರವತ್ತರಲ್ಲೊಂದು’ ಎಂಬ ಅವರ ಸೂತ್ರವನ್ನು ಹಾಗೇ ತಂದು ನಮ್ಮ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಚಿತ್ರೀಕರಿಸಿದರೆ ಗೋಡೆಯ ಮೇಲೆ ಕಪ್ಪು ಪಟ್ಟೆಗಳು ಮೆಲ್ಲಗೆ ಏರಿಳಿಯುತ್ತವೆ. ಕಾರಣ ಸರಳ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ತೆರೆದಿರುವ ಅವಧಿ ಆ ಮಿನುಗಿನ ಪೂರ್ಣ ಸಂಖ್ಯೆಗೆ ಹೊಂದದಿದ್ದರೆ ಫ್ರೇಮಿನ ಒಂದೊಂದು ಭಾಗಕ್ಕೆ ಒಂದೊಂದು ಪ್ರಮಾಣದ ಬೆಳಕು ಬೀಳುತ್ತದೆ. 25 ಫ್ರೇಮು, ಐವತ್ತರಲ್ಲೊಂದು ಶಟರ್ ಎಂದು ಇಟ್ಟುಕೊಂಡರೆ ಪಟ್ಟೆ ಮಾಯ. ಶಟರನ್ನು ಕೈಯಾರೆ ನಿಲ್ಲಿಸಿಕೊಳ್ಳಲು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಐಫೋನಿಗೆ 2023ರಲ್ಲೂ ಕೆಲವು ಆಂಡ್ರಾಯ್ಡ್ ಫೋನುಗಳಿಗೆ 2024ರಲ್ಲೂ ಉಚಿತವಾಗಿ ಬಂದಿದೆ. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಹೊಸ ಫೋನಿನ ಬೆಲೆ ವಿಚಾರಿಸುವವರಿಗೆ ಇದನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು.

ಭಾರತೀಯ ಭಾಷೆಗಳಲ್ಲಿ ತಂತ್ರಾಂಶ ಕಲಿಸುವ ದೊಡ್ಡ ಸಾರ್ವಜನಿಕ ಯತ್ನವೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ. ಸುಮಾರು ಹತ್ತು ಹತ್ತು ನಿಮಿಷದ ಪಾಠಗಳು, ಅವುಗಳ ಮಾತನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಡಬ್ ಮಾಡುವ ಕ್ರಮ, ಅಂತರ್ಜಾಲವಿಲ್ಲದ ಕಡೆಯೂ ಕಲಿಯುವ ಏರ್ಪಾಡು: ಕಲ್ಪನೆ ಬಹಳ ಒಳ್ಳೆಯದು. ಜಿಂಪ್, ಇಂಕ್‌ಸ್ಕೇಪ್, ಬ್ಲೆಂಡರ್ ಎಲ್ಲಕ್ಕೂ ಅಲ್ಲಿ ಪಾಠಗಳಿವೆ, ಎಲ್ಲವೂ ಕನ್ನಡಕ್ಕೆ ಬಂದಿಲ್ಲ. ಅದಕ್ಕಿಂತ ಮುಖ್ಯವಾದ ಸಮಸ್ಯೆ ವಯಸ್ಸಿನದು. ಅಲ್ಲಿನ ಬ್ಲೆಂಡರ್ ಪಾಠಗಳು 2.5 ಸರಣಿಯ ಕಾಲದವು. 2019ರ ಜುಲೈನಲ್ಲಿ ಬಂದ 2.80 ಆವೃತ್ತಿ ಇಡೀ ಮುಖಚಹರೆಯನ್ನೇ ಬದಲಿಸಿತು. ಹಳೆಯ ಬ್ಲೆಂಡರ್‌ನಲ್ಲಿ ವಸ್ತುವನ್ನು ಆರಿಸಿಕೊಳ್ಳಲು ಮೌಸಿನ ಬಲಗುಂಡಿ ಒತ್ತಬೇಕಿತ್ತು, ಹೊಸದರಲ್ಲಿ ಎಡಗುಂಡಿ. ಹಳೆಯ ಪಾಠ ಕೇಳುತ್ತ ಹೊಸ ತಂತ್ರಾಂಶದ ಮುಂದೆ ಕೂತವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ: ಬಲಗುಂಡಿ ಒತ್ತಿದರೆ ವಸ್ತು ಆಯ್ಕೆಯಾಗುವ ಬದಲು ಯಾವುದೋ ಮೆನು ತೆರೆದುಕೊಳ್ಳುತ್ತದೆ. ಅನುಭವಿಗಳು ಇದನ್ನು ಅರೆನಿಮಿಷದಲ್ಲಿ ದಾಟುತ್ತಾರೆ. ಹೊಸಬರು ತಮಗೆ ಬುದ್ಧಿ ಸಾಲದು ಎಂದು ತಿಳಿದು ಮುಚ್ಚಿಡುತ್ತಾರೆ. ತಂತ್ರಾಂಶ ಪ್ರತಿ ವರ್ಷ ಬದಲಾಗುವಾಗ ಅನುವಾದವೂ ಪ್ರತಿ ವರ್ಷ ನಡೆಯಬೇಕು. ಒಂದು ಸಲದ ಅನುದಾನದಿಂದ ಆಗುವ ಕೆಲಸ ಅದಲ್ಲ.

ಇದನ್ನು ಶಾಲೆಯ ಮಟ್ಟದಲ್ಲೇ ನಿರಂತರವಾಗಿ ಮಾಡಿರುವ ಉದಾಹರಣೆ ಪಕ್ಕದಲ್ಲಿದೆ. ಕೇರಳದ ಸರ್ಕಾರಿ ಸಂಸ್ಥೆ ಕೈಟ್ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತದೆ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಓಪನ್‌ಟೂನ್ಜ್, ಬ್ಲೆಂಡರ್ ಕಲಿಯುತ್ತಾರೆ. ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ ಏನೆಂದರೆ, ಆ ರಾಜ್ಯದ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಅಚ್ಚಾಗುತ್ತವೆ. ಇಂಕ್‌ಸ್ಕೇಪಿನಲ್ಲಿ ವಿನ್ಯಾಸ ಮಾಡುವುದು, ಸಿನ್‌ಫಿಗ್‌ನಲ್ಲಿ ಚಿತ್ರಕ್ಕೆ ಚಲನೆ ಕೊಡುವುದು ಅಲ್ಲಿನ ಹತ್ತನೇ ತರಗತಿಯ ಪಾಠಗಳಾಗಿದ್ದವು. ಕರ್ನಾಟಕ 2012ರಷ್ಟು ಹಿಂದೆಯೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಉದ್ಯಮಕ್ಕೆಂದು ಪ್ರತ್ಯೇಕ ನೀತಿ ತಂದ ರಾಜ್ಯ, ಈಗ ಮೂರನೆಯ ನೀತಿ ಜಾರಿಯಲ್ಲಿದೆ. ಆ ನೀತಿಗಳ ಕಣ್ಣು ಬಹುಮಟ್ಟಿಗೆ ಬೆಂಗಳೂರಿನ ಸ್ಟುಡಿಯೊಗಳಿಗೆ ಬೇಕಾದ ನುರಿತ ಕೈಗಳ ಮೇಲಿದೆ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕೂತು ತನ್ನಷ್ಟಕ್ಕೆ ಕಲಿಯುವವರು ಓದಬಹುದಾದ ಕನ್ನಡ ಪುಸ್ತಕ ಗಡಿಯಾಚೆ ಸಿದ್ಧವಾಗಿದೆ ಎಂಬುದು ಸ್ವಲ್ಪ ಮುಜುಗರದ ಮಾತು.

ಒಡೆದುಹೋಗುವ ಒತ್ತಕ್ಷರ

ಕನ್ನಡದ ಶೀರ್ಷಿಕೆ ಹಾಕುವ ಹೊತ್ತಿಗೆ ತೊಂದರೆ ಬೇರೆ ರೂಪ ತಾಳುತ್ತದೆ. ಬ್ಲೆಂಡರ್‌ನಲ್ಲಿ ಮೂರು ಆಯಾಮದ ಅಕ್ಷರಗಳ ವಸ್ತುವೊಂದನ್ನು ಸೇರಿಸಿ ‘ಹಕ್ಕಿ’ ಎಂದು ಟೈಪಿಸಿದರೆ ಹಕಾರ, ಕಕಾರ, ಅರ್ಧಾಕ್ಷರದ ಗುರುತು, ಮತ್ತೆ ಕಕಾರ, ಬೇರೆಯಾಗಿ ನಿಂತ ಗುಡಿಸು, ಹೀಗೆ ಸಾಲಾಗಿ ಬಿದ್ದುಕೊಳ್ಳುತ್ತವೆ. ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ರೋಮನ್ ಲಿಪಿಯ ಲೆಕ್ಕದಲ್ಲಿ ಅದು ಬರೆಯುತ್ತದೆ. ಕನ್ನಡದಲ್ಲಾದರೋ ಯಾವ ಸಂಕೇತ ಯಾವುದರ ಜೊತೆ ಕೂಡಿ ಯಾವ ಆಕಾರ ತಾಳಬೇಕೆಂಬ ನಿಯಮಗಳು ಫಾಂಟಿನೊಳಗಿವೆ, ಅವನ್ನು ಓದಿ ಅಕ್ಷರ ಜೋಡಿಸುವ ಬೇರೆಯೇ ಒಂದು ಯಂತ್ರ ತಂತ್ರಾಂಶದಲ್ಲಿರಬೇಕು. ಇಂಕ್‌ಸ್ಕೇಪ್ ಮತ್ತು ಕೆಡೆನ್‌ಲೈವ್‌ಗಳಲ್ಲಿ ಅದಿದೆ. ಆದ್ದರಿಂದ ದಾರಿ ಹೀಗೆ: ಶೀರ್ಷಿಕೆಯನ್ನು ಇಂಕ್‌ಸ್ಕೇಪಿನಲ್ಲಿ ಟೈಪಿಸಿ, ‘ಆಬ್ಜೆಕ್ಟ್ ಟು ಪಾತ್’ ಎಂಬ ಆಜ್ಞೆಯಿಂದ ಅಕ್ಷರವನ್ನು ಬರಿಯ ರೇಖೆಗಳಾಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಬ್ಲೆಂಡರ್‌ಗೆ ಆಮದು ಮಾಡಿಕೊಂಡರೆ ಒತ್ತು, ದೀರ್ಘ ಯಾವುದೂ ಚದುರುವುದಿಲ್ಲ. ಆಮೇಲೆ ದಪ್ಪ ಕೊಡುವುದು, ಬೆಳಕು ಬಿಡುವುದು ನಿಮ್ಮಿಷ್ಟ. ರೇಖೆಯಾದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲವಾದ್ದರಿಂದ ಮೂಲವನ್ನು ಬೇರೆ ಪ್ರತಿಯಾಗಿ ಇಟ್ಟುಕೊಂಡಿರಬೇಕು.

ವೃತ್ತಿಪರ ಡಿಟಿಪಿಯವರು ಈ ತೊಂದರೆಯನ್ನು ದಾಟಿದ್ದು ‘ನುಡಿ’, ‘ಬರಹ’ ತಂತ್ರಾಂಶಗಳ ಕಾಲದ ಯೂನಿಕೋಡ್ ಅಲ್ಲದ ಫಾಂಟುಗಳಿಂದ. ಈಗಲೂ ಎಷ್ಟೋ ಕನ್ನಡ ಟೈಟಲ್‌ಗಳು ಹಾಗೆಯೇ ತಯಾರಾಗುತ್ತವೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದೇ ಪಠ್ಯವನ್ನು ಸಬ್‌ಟೈಟಲ್ ಕಡತಕ್ಕೋ ವಿಡಿಯೊದ ವಿವರಣೆಗೋ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತದೆ. ಫಾಂಟಿನ ಬಡತನ ಈಗ ಹಿಂದಿನಷ್ಟಿಲ್ಲ: ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ, ಹುಬ್ಬಳ್ಳಿ, ಹಾಗೂ ಕನ್ನಡಿಗರೇ ರೂಪಿಸಿದ ನವಿಲು, ಗುಬ್ಬಿ ಮುಂತಾದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಚಿತ್ರದಲ್ಲಿ ಬಳಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ, ಅನುಮತಿಯನ್ನೂ ಕೇಳಬೇಕಿಲ್ಲ. ಭಯಾನಕ ಕಥೆಗೂ ಹಾಸ್ಯಕ್ಕೂ ಒಂದೇ ಬಾಲೂ ತಮ್ಮ ಬಳಸುವ ಚಾಳಿಗೆ ಮಾತ್ರ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ.

ಷರತ್ತು ಓದದೆ ಎತ್ತಿಕೊಂಡ ಸಂಗೀತ

ಹವ್ಯಾಸಿಗಳು ಅತಿ ಹೆಚ್ಚು ಪೆಟ್ಟು ತಿನ್ನುವುದು ಸಂಗೀತದಲ್ಲಿ. ‘ನೋ ಕಾಪಿರೈಟ್’ ಎಂಬ ಹಣೆಪಟ್ಟಿ ಹಚ್ಚಿದ ಸಾವಿರಾರು ಹಾಡುಗಳು ಓಡಾಡುತ್ತಿವೆ. ಆ ಪಟ್ಟಿ ಹಚ್ಚಿದವರಿಗೆ ಹಚ್ಚುವ ಹಕ್ಕು ಇತ್ತೇ ಎಂದು ನೋಡುವವರು ಕಡಿಮೆ. ನೆಚ್ಚಿಕೊಳ್ಳಬಹುದಾದ ಜಾಗಗಳಲ್ಲಿ ಒಂದು ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯ 2005ರಲ್ಲಿ ಆರಂಭಿಸಿದ ಫ್ರೀಸೌಂಡ್. ಅಲ್ಲಿ ಪ್ರತಿ ಸದ್ದಿನ ಕೆಳಗೂ ಅದರ ಪರವಾನಗಿ ಬರೆದಿರುತ್ತದೆ. ಸಿಸಿ ಎಂದರೆ ಕ್ರಿಯೇಟಿವ್ ಕಾಮನ್ಸ್, ಕೃತಿಯನ್ನು ಎಲ್ಲರ ಬಳಕೆಗೆ ಬಿಡುವ ಸಿದ್ಧ ಪರವಾನಗಿಗಳ ಗುಂಪು. ಸಿಸಿ0 ಎಂದಿದ್ದರೆ ಷರತ್ತೇ ಇಲ್ಲ. ಸಿಸಿ ಬಿವೈ ಎಂದಿದ್ದರೆ ಮಾಡಿದವರ ಹೆಸರು ಹೇಳಬೇಕು. ಅದಕ್ಕೆ ಎನ್‌ಸಿ ಸೇರಿದ್ದರೆ ವಾಣಿಜ್ಯ ಬಳಕೆ ಕೂಡದು, ಅಂದರೆ ಜಾಹೀರಾತಿನಿಂದ ಹಣ ಬರುವ ಯೂಟ್ಯೂಬ್ ಚಾನೆಲ್ಲಿನಲ್ಲಿ ಅದನ್ನು ಬಳಸದಿರುವುದೇ ಕ್ಷೇಮ. ಹೆಸರು ಹೇಳುವುದೆಂದರೆ ‘ಸಂಗೀತ: ಅಂತರ್ಜಾಲ ಕೃಪೆ’ ಎಂದು ಬರೆದು ಕೈತೊಳೆದುಕೊಳ್ಳುವುದಲ್ಲ, ಕೃತಿಯ ಹೆಸರು, ಮಾಡಿದವರು, ಸಿಕ್ಕ ಜಾಗ, ಪರವಾನಗಿ ಈ ನಾಲ್ಕೂ ಕೊನೆಯ ಪಟ್ಟಿಯಲ್ಲಿರಬೇಕು.

ಇನ್ನೆರಡು ಷರತ್ತುಗಳನ್ನು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿಯ ಪರವಾನಗಿಯಲ್ಲಿ ಸಂಗೀತದ ಬಗ್ಗೆ ಒಂದು ವಿಶೇಷ ಮಾತಿದೆ: ಸಂಗೀತವನ್ನು ಚಲಿಸುವ ಚಿತ್ರದೊಂದಿಗೆ ಕಾಲಕ್ಕೆ ಹೊಂದಿಸಿ ಜೋಡಿಸಿದರೆ ಅದು ರೂಪಾಂತರವೆಂದೇ ಲೆಕ್ಕ. ಇದರ ಪರಿಣಾಮ ದೊಡ್ಡದು. ‘ಮಾರ್ಪಾಡು ಕೂಡದು’ ಎಂಬ ಎನ್‌ಡಿ ಷರತ್ತಿನ ಹಾಡನ್ನು ನೀವು ಒಂದು ಸ್ವರವನ್ನೂ ಮುಟ್ಟದೆ ಬಳಸಿದರೂ ನಿಮ್ಮ ಕಿರುಚಿತ್ರವನ್ನು ಹಂಚುವುದು ಉಲ್ಲಂಘನೆ. ‘ಇದೇ ಷರತ್ತಿನಲ್ಲಿ ಹಂಚಿರಿ’ ಎಂಬ ಎಸ್‌ಎ ಸಂಗೀತವನ್ನು ಹಾಕಿದರೆ ನಿಮ್ಮ ಚಿತ್ರವನ್ನೂ ಅದೇ ಷರತ್ತಿನಲ್ಲಿ ಬಿಡುಗಡೆ ಮಾಡಬೇಕಾಗುತ್ತದೆ. ಆಮೇಲೆ ಯಾವುದಾದರೂ ಒಟಿಟಿ ಸಂಸ್ಥೆಗೆ ಏಕಸ್ವಾಮ್ಯ ಕೊಡುತ್ತೇನೆ ಎಂದರೆ ಆಗುವುದಿಲ್ಲ. ಚಿತ್ರ, ಫೋಟೊಗಳ ತಾಣಗಳಲ್ಲಿ ಷರತ್ತೇ ಬದಲಾದ ನಿದರ್ಶನಗಳೂ ಇವೆ. ಅನ್‌ಸ್ಪ್ಲಾಶ್ 2017ರಲ್ಲಿ, ಪಿಕ್ಸಾಬೇ 2019ರಲ್ಲಿ ಸಿಸಿ0 ಬಿಟ್ಟು ತಮ್ಮದೇ ಪರವಾನಗಿಗೆ ಬದಲಾದವು. ಅದಕ್ಕೆ ಮೊದಲು ಸಿಸಿ0 ಎಂದು ಬಿಟ್ಟ ಚಿತ್ರಗಳು ಈಗಲೂ ಹಾಗೇ ಉಳಿದಿವೆ, ಆದರೆ ನೀವು ಇಳಿಸಿಕೊಂಡದ್ದು ಯಾವಾಗ ಎಂಬುದಕ್ಕೆ ನಿಮ್ಮಲ್ಲಿ ಆಧಾರ ಬೇಕು. ಇಳಿಸಿಕೊಂಡ ದಿನವೇ ಪರವಾನಗಿಯ ಪುಟದ ಚಿತ್ರವನ್ನು ಅದೇ ಫೋಲ್ಡರಿಗೆ ಸೇರಿಸಿಡುವುದು ಒಳ್ಳೆಯದು.

ನಮ್ಮ ಹಳೆಯ ಸಾಹಿತ್ಯದತ್ತ ಹೊರಳಿದರೆ ಹಕ್ಕಿನ ಲೆಕ್ಕ ಪದರ ಪದರವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಕಾರ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಸಿನಿಮಾ ಮತ್ತು ಧ್ವನಿಮುದ್ರಣಕ್ಕೆ ಬಿಡುಗಡೆಯಾದ ವರ್ಷದ ನಂತರ 60. ಬಸವಣ್ಣನವರ ವಚನದ ಮೇಲೆ ಯಾರಿಗೂ ಹಕ್ಕಿಲ್ಲ, ಆದರೆ ಅದಕ್ಕೆ ಕಳೆದ ಶತಮಾನದ ಕೊನೆಯಲ್ಲಿ ಒಬ್ಬರು ಹಾಕಿದ ರಾಗಸಂಯೋಜನೆಗೆ ಹಕ್ಕಿದೆ, ಅದನ್ನು ಮುದ್ರಿಸಿದ ಕ್ಯಾಸೆಟ್ ಕಂಪನಿಗೂ ಹಕ್ಕಿದೆ. ವಚನ ಹಳೆಯದೆಂದು ಆ ಕ್ಯಾಸೆಟ್ಟಿನ ಹಾಡನ್ನೇ ಎತ್ತಿ ಹಾಕಿದವರಿಗೆ ಹಕ್ಕಿರುವ ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಯಿಂದ ಸೂಚನೆ ಬಂದಾಗ ಅನ್ಯಾಯವೆನಿಸುತ್ತದೆ. ಕಾನೂನಿನಲ್ಲಿ ಅದು ಅನ್ಯಾಯವಲ್ಲ. ಪರಿಚಯದ ಹಾಡುಗಾರರಿಂದ ಹೊಸದಾಗಿ ಹಾಡಿಸಿಕೊಂಡು, ಅವರಿಂದ ಎರಡು ಸಾಲಿನ ಒಪ್ಪಿಗೆ ಪತ್ರ ಬರೆಸಿಕೊಂಡರೆ ಪ್ರಶ್ನೆಯೇ ಉಳಿಯದು. ಕವಿತೆಗಳಲ್ಲೂ ಇದೇ ಎಣಿಕೆ: ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ, ಕುವೆಂಪು 1994ರಲ್ಲಿ, ಹಾಗಾಗಿ 2054ರವರೆಗೆ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರ ಕವಿತೆಗಳು 2024ರ ಜನವರಿಯಿಂದ ಎಲ್ಲರವು. ಪಂಜೆ ಮಂಗೇಶರಾಯರು 1937ರಲ್ಲೇ ತೀರಿಕೊಂಡರು. ಅವರ ಮಕ್ಕಳ ಪದ್ಯಗಳನ್ನು, ಕಥೆಗಳನ್ನು ಯಾರು ಬೇಕಾದರೂ ಅನಿಮೇಷನ್ ಮಾಡಬಹುದು, ಮಾರಲೂಬಹುದು. ಸಿದ್ಧ ಕಥೆಗಾಗಿ ತಡಕಾಡುವ ಅನಿಮೇಷನ್ ವಿದ್ಯಾರ್ಥಿಗಳು ಈ ಬಾಗಿಲನ್ನು ಇನ್ನೂ ಸಾಕಷ್ಟು ತಟ್ಟಿಲ್ಲ.

ಹಳೆಯ ಲ್ಯಾಪ್‌ಟಾಪ್‌ನ ಪಾಡು

ಕಂಪ್ಯೂಟರಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು, ಏಕೆಂದರೆ ಜನ ಹೆದರುವಷ್ಟು ಅದು ದೊಡ್ಡ ಗೋಡೆಯಲ್ಲ. ರಿಸಾಲ್ವ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು ಎಂಬುದು ನಿಜ. ಆದರೆ ಕೆಡೆನ್‌ಲೈವ್, ಶಾಟ್‌ಕಟ್‌ಗಳಲ್ಲಿ ಪ್ರಾಕ್ಸಿ ಎಂಬ ಅನುಕೂಲವಿದೆ: ದೊಡ್ಡ ತುಣುಕುಗಳ ಚಿಕ್ಕ ಪ್ರತಿಗಳನ್ನು ತಂತ್ರಾಂಶವೇ ಮಾಡಿಕೊಂಡು, ಸಂಕಲನವೆಲ್ಲ ಅವುಗಳ ಮೇಲೆ ನಡೆದು, ಕೊನೆಯಲ್ಲಿ ಮೂಲದಿಂದ ಚಿತ್ರ ತಯಾರಾಗುತ್ತದೆ. ಫೋನಿನ ತುಣುಕುಗಳಲ್ಲಿ ಮಾತಿಗೂ ತುಟಿಗೂ ಹೊಂದದೆ ಹೋಗುವ ದೂರನ್ನು ಹೆಚ್ಚಿನವರು ಕಂಪ್ಯೂಟರಿನ ಮೇಲೆ ಹೊರಿಸುತ್ತಾರೆ. ಫೋನು ಬೆಳಕಿಗೆ ತಕ್ಕಂತೆ ಫ್ರೇಮಿನ ವೇಗವನ್ನು ಏರಿಳಿಸುತ್ತ ಮುದ್ರಿಸುತ್ತದೆ, ಸಂಕಲನ ತಂತ್ರಾಂಶ ಒಂದೇ ವೇಗವನ್ನು ನಿರೀಕ್ಷಿಸುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಧನದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಮೊದಲೇ ಪರಿವರ್ತಿಸಿಕೊಂಡರೆ ಆ ತೊಂದರೆ ಬಹುಪಾಲು ತೀರುತ್ತದೆ.

ಸಬ್‌ಟೈಟಲಿಗೆ ಕೃತಕ ಬುದ್ಧಿಮತ್ತೆ ನಿಜವಾಗಿಯೂ ಉಪಕಾರಿ. 2022ರ ಸೆಪ್ಟೆಂಬರ್‌ನಲ್ಲಿ ಮುಕ್ತವಾಗಿ ಬಂದ ವಿಸ್ಪರ್ ಎಂಬ ಮಾತು ಬರೆಯುವ ಮಾದರಿಯನ್ನು ಸಬ್‌ಟೈಟಲ್ ಎಡಿಟ್ ತಂತ್ರಾಂಶದ ಒಳಗಿಂದಲೇ ಓಡಿಸಬಹುದು. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಅದರ ತಪ್ಪುಗಳು ಬಹಳ ಹೆಚ್ಚು, ಅದರಲ್ಲೂ ಆಡುಮಾತು ಬಂದರೆ ಮುಗ್ಗರಿಸುತ್ತದೆ. ಆದರೂ ಮಾತು ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂಬ ಕಾಲದ ಗುರುತು ಸಿದ್ಧವಾಗಿ ಸಿಗುವುದರಿಂದ ಅರ್ಧ ಶ್ರಮ ಉಳಿಯುತ್ತದೆ.

ಕನ್ನಡದ ಸದ್ದು ಎಲ್ಲಿದೆ?

ಕನ್ನಡದ ಬರಹಕ್ಕೆ ಅಂತರ್ಜಾಲದಲ್ಲಿ ಎಲ್ಲರಿಗೂ ಸೇರಿದ ಒಂದು ಕಣಜ ಸುಮಾರಾಗಿ ತುಂಬಿದೆ. 2003ರಿಂದ ಬೆಳೆದ ಕನ್ನಡ ವಿಕಿಪೀಡಿಯ, ವಿಕಿಸೋರ್ಸ್, ವಚನ ಸಂಚಯದಂಥ ಕೆಲಸಗಳೆಲ್ಲ ಸ್ವಯಂಸೇವಕರ ದುಡಿಮೆ. ಸದ್ದಿನಲ್ಲಿ ಅಂಥದ್ದು ಇನ್ನೂ ಆಗಿಲ್ಲ. ಲಂಡನ್ನಿನ ರೈಲು ನಿಲ್ದಾಣದ ಗದ್ದಲ, ಹಿಮದ ಮೇಲೆ ಬೂಟಿನ ಹೆಜ್ಜೆ, ಅಮೆರಿಕದ ಪೊಲೀಸ್ ಸೈರನ್ ಉಚಿತ ತಾಣಗಳಲ್ಲಿ ಬೇಕಾದಷ್ಟಿವೆ. ಸಂತೆಯಲ್ಲಿ ತರಕಾರಿ ಕೂಗುವವರ ದನಿ, ಕೆಎಸ್‌ಆರ್‌ಟಿಸಿ ಬಸ್ಸಿನ ಕಂಡಕ್ಟರರ ಸೀಟಿ, ಮಲೆನಾಡಿನ ಹೆಂಚಿನ ಮೇಲೆ ಬೀಳುವ ಜೂನ್ ತಿಂಗಳ ಮಳೆ, ರೊಟ್ಟಿ ಬಡಿಯುವ ಸಪ್ಪಳ ಹುಡುಕಿದರೆ ಸಿಗುವುದು ಅತ್ಯಲ್ಪ. ಆದ್ದರಿಂದಲೇ ನಮ್ಮ ಎಷ್ಟೋ ಕಿರುಚಿತ್ರಗಳಲ್ಲಿ ಹಳ್ಳಿಯ ರಾತ್ರಿ ತೋರಿಸಿದಾಗ ಬೇರೆ ಯಾವುದೋ ಖಂಡದ ಕೀಟಗಳು ಕೂಗುತ್ತಿರುತ್ತವೆ.

ಇದನ್ನು ಸರಿಪಡಿಸಲು ಹೊಸ ಸಂಸ್ಥೆಯೂ ಬೇಡ, ಹೊಸ ತಾಣವೂ ಬೇಡ. ಕನ್ನಡ ಚಿತ್ರಗಳಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡುತ್ತ ಬಂದಿದೆ. 2009ರಿಂದ ಚಲನಚಿತ್ರ ಅಕಾಡೆಮಿಯೂ ಇದೆ. ಸಾರ್ವಜನಿಕ ಹಣ ಪಡೆದ ಚಿತ್ರದ ಹಿನ್ನೆಲೆ ಸದ್ದುಗಳ ಮೂಲ ಮುದ್ರಣವನ್ನು, ಸಂಗೀತವನ್ನೂ ಸಂಭಾಷಣೆಯನ್ನೂ ಬಿಟ್ಟು, ಬಿಡುಗಡೆಯಾದ ಒಂದು ವರ್ಷದೊಳಗೆ ಸಿಸಿ ಬಿವೈ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬೇಕೆಂಬ ಒಂದು ಷರತ್ತು ಸೇರಿಸಿದರೆ ನಿರ್ಮಾಪಕರಿಗೆ ನಷ್ಟವಿಲ್ಲ, ಏಕೆಂದರೆ ಆ ಸದ್ದುಗಳಿಂದ ಅವರಿಗೆ ಹೇಗೂ ಹಣ ಬರುವುದಿಲ್ಲ. ತಕರಾರು ಬರಬಹುದಾದದ್ದು ಎರಡು ಕಡೆಯಿಂದ. ಧ್ವನಿ ವಿನ್ಯಾಸಕರು ವರ್ಷಗಟ್ಟಲೆ ಸಂಗ್ರಹಿಸಿಟ್ಟ ಸ್ವಂತ ಸದ್ದುಗಳನ್ನೂ ಚಿತ್ರದಲ್ಲಿ ಬಳಸಿರುತ್ತಾರೆ, ಅವು ಅವರ ಬದುಕಿನ ಬಂಡವಾಳ. ಇನ್ನು ಕೆಲವು ಸದ್ದುಗಳನ್ನು ಹಣ ಕೊಟ್ಟು ವಿದೇಶಿ ಸಂಗ್ರಹಗಳಿಂದ ಪಡೆದಿರುತ್ತಾರೆ, ಅವನ್ನು ಮರುಹಂಚುವಂತಿಲ್ಲ. ಹಾಗಾಗಿ ಷರತ್ತು ಆ ಚಿತ್ರಕ್ಕೆಂದೇ, ಆ ಹಣದಲ್ಲೇ, ಸ್ಥಳದಲ್ಲಿ ಮುದ್ರಿಸಿಕೊಂಡ ಸದ್ದುಗಳಿಗೆ ಮಾತ್ರ ಅನ್ವಯಿಸಬೇಕು, ಮುದ್ರಿಸಿದವರ ಹೆಸರು ಕಡತದೊಂದಿಗೇ ಹೋಗಬೇಕು, ಊರು ಮತ್ತು ತಿಂಗಳನ್ನು ಕನ್ನಡದಲ್ಲೇ ನಮೂದಿಸಬೇಕು.